ರಕ್ತನಾಳದ ಗೋಡೆಯೊಳಗಿನ ಹುರಿಹಗ್ಗ

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ–ಪೋಷಕರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಹೃದಯದ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದ ಪದಾಧಿಕಾರಿಗಳು ನನ್ನನ್ನು ಕೇಳಿಕೊಂಡರು. ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ, ಜೀವರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು. ಯಾರ ನಾಡಿಯನ್ನೂ ಹಿಡಿದು ಔಷಧಿ ಬರೆದುಕೊಟ್ಟವನಲ್ಲ. ಆದರೆ ರಕ್ತನಾಳದ ಗೋಡೆ ಯಾವುದರಿಂದ ಆಗಿದೆ, ಅದು ಹೇಗೆ ಗಟ್ಟಿಯಾಗಿ ನಿಲ್ಲುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ಬಹಳ ವರ್ಷಗಳಿಂದ ತರಗತಿಯಲ್ಲಿ ಪಾಠ ಮಾಡುತ್ತಾ ಬಂದಿದ್ದೇನೆ. ಇಂದು ಆ ಪಾಠವನ್ನೇ ತಮ್ಮ ಮುಂದೆ ಇಡುತ್ತೇನೆ. ಅದಕ್ಕೆ ಒಂದು ಸ್ವಂತ ಕಾರಣವೂ ಇದೆ.

ಮಾಮು ಕೇಳಿದ ಪ್ರಶ್ನೆ

ನನ್ನ ಸೋದರಮಾವ ಒಬ್ಬರಿದ್ದರು. ಮನೆಯವರಿಗೆಲ್ಲ ಅವರು ಮಾಮು. ಹೆದ್ದಾರಿಯ ಪಕ್ಕದಲ್ಲಿ ಅವರದ್ದೊಂದು ಪಂಚರ್ ಅಂಗಡಿ. ಲಾರಿಯ ಟಯರನ್ನು ಒಬ್ಬರೇ ಎತ್ತಿ ನಿಲ್ಲಿಸುವ ಆಳು. 2009ರಲ್ಲಿ, ಅವರಿಗೆ ಐವತ್ತೊಂದು ವರ್ಷವಾಗಿದ್ದಾಗ, ಮಕ್ಕಳ ಒತ್ತಾಯಕ್ಕೆ ಪಟ್ಟಣಕ್ಕೆ ಹೋಗಿ ತಪಾಸಣೆ ಮಾಡಿಸಿಕೊಂಡು ಬಂದರು. ಇಸಿಜಿ ಸರಿ, ಟ್ರೆಡ್‌ಮಿಲ್ ಪರೀಕ್ಷೆಯೂ ಸರಿ. ರಕ್ತದೊತ್ತಡ ಸ್ವಲ್ಪ ಹೆಚ್ಚು, ಸಕ್ಕರೆ ಸ್ವಲ್ಪ ಹೆಚ್ಚು. ಬೀಡಿ ಬಿಡಬೇಕು, ಮಾತ್ರೆ ತೆಗೆದುಕೊಳ್ಳಬೇಕು ಎಂದು ಹೇಳಿ ಕಳುಹಿಸಿದ್ದರು. ರಿಪೋರ್ಟನ್ನು ನನಗೆ ತೋರಿಸಿದರು. ನಾನು ನೋಡಿ, "ಏನೂ ಇಲ್ಲ ಮಾಮು, ಹೃದಯ ಚೆನ್ನಾಗಿದೆ" ಎಂದೆ. ಅವರು ಖುಷಿಯಾಗಿ ಬೀಡಿ ಹಚ್ಚಿದರು. ನಾನು ಸುಮ್ಮನಿದ್ದೆ.

ಮೂರು ವಾರ ಕಳೆದಿರಲಿಲ್ಲ. ಒಂದು ನಸುಕಿನಲ್ಲಿ ಎದೆ ಹಿಂಡಿದಂತಾಯಿತು, ಮೈಯೆಲ್ಲ ಬೆವರಿತು. ಗ್ಯಾಸ್ ಇರಬೇಕೆಂದು ಮನೆಯವರು ಸೋಡಾ ಕುಡಿಸಿದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲೂ ಗ್ಯಾಸಿನ ಮಾತ್ರೆಯನ್ನೇ ಕೊಟ್ಟರು. ದೊಡ್ಡ ಆಸ್ಪತ್ರೆ ತಲುಪುವಷ್ಟರಲ್ಲಿ ಆರು ಗಂಟೆ ಕಳೆದಿತ್ತು. ಅಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಜೀವ ಉಳಿಸಿದರು. ಮರುದಿನ ಆಂಜಿಯೋಗ್ರಾಂ ಮಾಡಿದಾಗ ಗೊತ್ತಾದದ್ದು, ಹಳೆಯ ತಡೆ ಅರ್ಧಕ್ಕಿಂತಲೂ ಕಡಿಮೆ ಇತ್ತು, ಉಳಿದ ದಾರಿಯನ್ನು ಮುಚ್ಚಿದ್ದು ಅಂದು ನಸುಕಿನಲ್ಲಿ ಕಟ್ಟಿದ ಹೆಪ್ಪು. ಆ ಆರು ಗಂಟೆಗಳಲ್ಲಿ ಸತ್ತ ಹೃದಯದ ಸ್ನಾಯು ಮಾತ್ರ ಮರಳಿ ಬರಲಿಲ್ಲ. ಆಮೇಲೆ ನಾಲ್ಕು ವರ್ಷ ಅವರು ಬದುಕಿದ್ದರು. ಆದರೆ ಟಯರ್ ಎತ್ತುವುದಿರಲಿ, ಮೆಟ್ಟಿಲು ಹತ್ತಿದರೂ ಏದುಸಿರು.

ಆ ನಾಲ್ಕು ವರ್ಷಗಳಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ರಿಪೋರ್ಟ್ ಸರಿಯಿತ್ತಲ್ಲಪ್ಪ, ನೀನೂ ಓದಿ ಹೇಳಿದ್ದೆಯಲ್ಲ, ಮತ್ತೆ ಹೇಗಾಯಿತು?" ಇದಕ್ಕೆ ಉತ್ತರ ನಾನು ಪಾಠ ಮಾಡುತ್ತಿದ್ದ ಪುಸ್ತಕದಲ್ಲೇ ಇತ್ತು. ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಲು ಆಗ ನನಗೆ ಬರಲಿಲ್ಲ. ಇಂದು ತಮಗೆ ಹೇಳಲು ಪ್ರಯತ್ನಿಸುತ್ತೇನೆ.

ಪಾಯಾದಲ್ಲಿರುವ ಅಂಟು

ಉತ್ತರದ ತಿರುಳಿನಲ್ಲಿರುವ ವಸ್ತುವಿನ ಹೆಸರು ಕೊಲಾಜನ್. ಹೆಸರು ಹೊಸದೆನಿಸಿದರೂ ವಸ್ತು ತಮಗೆ ಹೊಸದಲ್ಲ. ನಮ್ಮ ಮನೆಗಳಲ್ಲಿ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಕಾಲಿನ ಪಾಯಾ ಬೇಯಿಸುತ್ತಾರೆ. ಬೆಳಿಗ್ಗೆ ತಣ್ಣಗಾದ ಸಾರು ಅಲುಗಾಡುವ ಗಟ್ಟಿಯಾಗಿ ನಿಂತಿರುತ್ತದೆ, ಬೆರಳಿಗೆ ಅಂಟಂಟು. ಮೂಳೆ, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿದ್ದ ಕೊಲಾಜನ್ ಬಿಸಿನೀರಿನಲ್ಲಿ ಬಿಚ್ಚಿಕೊಂಡು ಜೆಲಾಟಿನ್ ಆದದ್ದರ ಗುರುತು ಅದು. ಹಿಂದೆ ಬಡಗಿಗಳು ಮರ ಅಂಟಿಸಲು ಕಾಯಿಸುತ್ತಿದ್ದ ಅಂಟು ಕೂಡ ತೊಗಲು, ಮೂಳೆಗಳನ್ನು ಕುದಿಸಿ ತೆಗೆದದ್ದೇ. ಗ್ರೀಕ್ ಭಾಷೆಯಲ್ಲಿ 'ಕೊಲ್ಲ' ಎಂದರೆ ಅಂಟು. ಅಂಟನ್ನು ಹುಟ್ಟಿಸುವುದು ಕೊಲಾಜನ್.

ನಮ್ಮ ಶರೀರದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಸುಮಾರು ಕಾಲು ಭಾಗಕ್ಕೂ ಹೆಚ್ಚು ಇದೊಂದೇ. ಇದರಲ್ಲಿ 28 ಬಗೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ರಕ್ತನಾಳದ ಗೋಡೆಯಲ್ಲಿ ಮುಖ್ಯವಾಗಿರುವವು ಒಂದನೆಯ ಮತ್ತು ಮೂರನೆಯ ಬಗೆಗಳು.

ಮದ್ರಾಸಿನಲ್ಲಿ ಬಿಡಿಸಿದ ಒಗಟು

ವಿದ್ಯಾರ್ಥಿ ಮಿತ್ರರೇ, ಈ ಭಾಗ ವಿಶೇಷವಾಗಿ ನಿಮಗಾಗಿ. ಕೊಲಾಜನ್ ಅಣುವಿನ ರಚನೆ ಹೇಗಿದೆ ಎಂಬ ಒಗಟು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳನ್ನು ಕಾಡಿತ್ತು. ಅದನ್ನು ಬಿಡಿಸಿದ್ದು ನಮ್ಮ ನೆರೆಯ ಮದ್ರಾಸಿನಲ್ಲಿ. ಜಿ.ಎನ್. ರಾಮಚಂದ್ರನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮೂವತ್ತರ ಹರೆಯದಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಗೋಪಿನಾಥ ಕರ್ತ ಅವರ ಜೊತೆಗೂಡಿ, ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಮೇಲೆ ಎಕ್ಸ್–ರೇ ಹಾಯಿಸಿ ಚಿತ್ರ ತೆಗೆದು, ಕೊಲಾಜನ್ ಮೂರು ಎಳೆಗಳ ಸುರುಳಿ ಎಂದು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಅದನ್ನು ಇನ್ನಷ್ಟು ತಿದ್ದಿದರು. 1970ರ ದಶಕದಲ್ಲಿ ಅವರು ಬೆಂಗಳೂರಿಗೆ ಮರಳಿ, ತಾವು ಕಲಿತ ಸಂಸ್ಥೆಯಲ್ಲೇ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ದೊಡ್ಡ ಸಂಶೋಧನೆ ಎಲ್ಲೋ ದೂರದೇಶದಲ್ಲಿ ಮಾತ್ರ ಆಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ಈ ಹೆಸರನ್ನು ನೆನಪಿಸಿಕೊಳ್ಳಿ.

ಮೂರು ಎಳೆಗಳನ್ನು ಹೆಣೆದು ಹೊಸೆದ ಹುರಿಹಗ್ಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೊಂದು ಎಳೆಯೂ ಸುಮಾರು ಸಾವಿರ ಅಮೈನೋ ಆಮ್ಲಗಳ ಸರಪಣಿ. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ, ಎಲ್ಲಕ್ಕಿಂತ ಚಿಕ್ಕ ಅಮೈನೋ ಆಮ್ಲವೇ ಕೂರಬೇಕು, ಏಕೆಂದರೆ ಮೂರು ಎಳೆಗಳು ಕೂಡುವ ನಡುವಿನಲ್ಲಿ ದೊಡ್ಡದಕ್ಕೆ ಜಾಗವಿಲ್ಲ. ಆ ಸ್ಥಾನದಲ್ಲಿ ಬೇರೊಂದು ಬಂದು ಕೂತರೆ ಹಗ್ಗದ ಹೊಸೆತ ಅಲ್ಲಿಗೆ ಕೆಡುತ್ತದೆ. ಮೂರನೆಯ ಬಗೆಯ ಕೊಲಾಜನ್‌ನಲ್ಲಿ ಹುಟ್ಟಿನಿಂದಲೇ ಇಂಥ ದೋಷ ಇರುವ ಕುಟುಂಬಗಳಿವೆ. ರಕ್ತನಾಳದ ಎಲರ್ಸ್–ಡಾನ್ಲೋಸ್ ಸಹಲಕ್ಷಣ ಎಂದು ಅದಕ್ಕೆ ಹೆಸರು. ಬಹಳ ಅಪರೂಪದ್ದು. ಅಂಥವರಲ್ಲಿ ಹರೆಯದಲ್ಲೇ ದೊಡ್ಡ ರಕ್ತನಾಳ ಹಠಾತ್ತನೆ ಒಡೆಯುವ ಅಪಾಯವಿದೆ. ಕೊಬ್ಬಿಲ್ಲ, ಬೀಡಿಯಿಲ್ಲ, ಹಗ್ಗ ಮಾತ್ರ ಸೋತಿದೆ. ರಕ್ತನಾಳವನ್ನು ಹಿಡಿದು ನಿಲ್ಲಿಸಿರುವುದು ಯಾವುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಗ್ಗ ಹೊಸೆಯಲು ಸಿ ಜೀವಸತ್ವವೂ ಬೇಕು. ಅದಿಲ್ಲದಿದ್ದರೆ ಎಳೆಗಳು ತಯಾರಾದರೂ ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದ ನಾವಿಕರಿಗೆ ಸ್ಕರ್ವಿ ರೋಗ ಬರುತ್ತಿತ್ತು. ಒಸಡಿನಿಂದ ರಕ್ತ ಸೋರುತ್ತಿತ್ತು, ಚರ್ಮದಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು, ವರ್ಷಗಳ ಹಿಂದೆ ಮಾಯ್ದ ಗಾಯಗಳು ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯರು ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಪದಾರ್ಥ ಕೊಟ್ಟು ನೋಡಿದರು. ಕಿತ್ತಳೆ ಮತ್ತು ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ನಮ್ಮಲ್ಲಿ ಒಂದು ಸೀಬೆಹಣ್ಣು, ಒಂದೆರಡು ನೆಲ್ಲಿಕಾಯಿ ಸಾಕು, ಆ ಕೆಲಸ ಆಗುತ್ತದೆ.

ಟ್ಯೂಬು ಮತ್ತು ಟಯರು

ಈಗ ಅಪಧಮನಿಯ, ಅಂದರೆ ಹೃದಯದಿಂದ ಅಂಗಗಳಿಗೆ ರಕ್ತ ಒಯ್ಯುವ ನಾಳದ ಗೋಡೆಗೆ ಬರೋಣ. ಅದರಲ್ಲಿ ಮೂರು ಪದರಗಳು. ಒಳಗಿನದು ನುಣುಪಾದ ತೆಳು ಅಸ್ತರಿ, ರಕ್ತಕ್ಕೆ ತಾಗುವುದು ಇದು ಮಾತ್ರ. ನಡುವಿನದು ಸ್ನಾಯುಕೋಶಗಳ ಪದರ. ಹೊರಗಿನದು ಕೊಲಾಜನ್ ಹೆಚ್ಚಾಗಿರುವ ಗಟ್ಟಿ ಹೊದಿಕೆ. ಗೋಡೆಯಲ್ಲಿ ಎರಡು ಬಗೆಯ ನಾರುಗಳಿವೆ. ಎಲಾಸ್ಟಿನ್ ಎಂಬುದು ರಬ್ಬರಿನಂತೆ ಹಿಗ್ಗಿ ಕುಗ್ಗುವ ನಾರು. ಕೊಲಾಜನ್ ಹಿಗ್ಗದ ನಾರು.

ಮಾಮುವಿನ ಅಂಗಡಿಯಲ್ಲಿ ಚಿಕ್ಕಂದಿನಲ್ಲಿ ನಾನು ನೋಡಿದ್ದು ನೆನಪಾಗುತ್ತದೆ. ಟ್ಯೂಬಿಗೆ ಹೊರಗಡೆಯೇ ಗಾಳಿ ತುಂಬಿದರೆ ಅದು ಒಂದು ಕಡೆ ಉಬ್ಬುತ್ತಾ ಹೋಗಿ ಒಡೆಯುತ್ತದೆ. ಅದೇ ಟ್ಯೂಬನ್ನು ಟಯರಿನೊಳಗೆ ಕೂರಿಸಿದರೆ ಲಾರಿಯ ಭಾರವನ್ನೇ ಹೊರುತ್ತದೆ. ಟಯರಿನ ಬಲ ಬರೀ ರಬ್ಬರಿನದಲ್ಲ, ರಬ್ಬರಿನೊಳಗೆ ಹೂತಿರುವ ನೈಲಾನ್ ನೂಲಿನದು. "ನೂಲು ಕಾಣಿಸಿತು ಎಂದರೆ ಟಯರಿನ ಆಯಸ್ಸು ಮುಗಿಯಿತು" ಎನ್ನುತ್ತಿದ್ದರು ಮಾಮು. ಎಲಾಸ್ಟಿನ್ ರಬ್ಬರು, ಕೊಲಾಜನ್ ನೂಲು.

ಇದು ಬರೀ ಹೋಲಿಕೆಯಲ್ಲ, ಪ್ರಯೋಗದಿಂದ ತೋರಿಸಿದ ವಿಷಯ. 1957ರಲ್ಲಿ ಕೆನಡಾದ ಮಾರ್ಗರೆಟ್ ರೋಚ್ ಮತ್ತು ಆಲನ್ ಬರ್ಟನ್ ಅವರು ಮನುಷ್ಯರ ಅಪಧಮನಿಯ ತುಂಡುಗಳನ್ನು ತೆಗೆದುಕೊಂಡು, ಕೆಲವುಗಳಲ್ಲಿ ಎಲಾಸ್ಟಿನ್ ಅನ್ನು, ಕೆಲವುಗಳಲ್ಲಿ ಕೊಲಾಜನ್ ಅನ್ನು ಕರಗಿಸಿ ತೆಗೆದು ಹಿಗ್ಗಿಸಿ ನೋಡಿದರು. ಒತ್ತಡ ಕಡಿಮೆ ಇರುವಾಗ ಭಾರ ಹೊರುವುದು ಎಲಾಸ್ಟಿನ್, ಒತ್ತಡ ಏರಿದಾಗ ಹೊರುವುದು ಕೊಲಾಜನ್ ಎಂದು ಕಂಡುಬಂತು. ಸಾಮಾನ್ಯ ಒತ್ತಡದಲ್ಲಿ ಕೊಲಾಜನ್ ಎಳೆಗಳು ಸಡಿಲವಾಗಿ, ಅಲೆಅಲೆಯಾಗಿ ಬಿದ್ದಿರುತ್ತವೆ. ಒತ್ತಡ ಏರಿ ಗೋಡೆ ಹಿಗ್ಗಿದಂತೆ ಒಂದೊಂದಾಗಿ ನೆಟ್ಟಗಾಗಿ, ಇನ್ನು ಮುಂದೆ ಹಿಗ್ಗಬೇಡ ಎಂದು ಹಿಡಿದು ನಿಲ್ಲಿಸುತ್ತವೆ.

ಈ ನಾರುಗಳ ಕೆಲಸ ಎಷ್ಟೆಂದು ಲೆಕ್ಕ ಹಾಕಿ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಒಂದು ಲಕ್ಷ. ಐವತ್ತು ವರ್ಷಕ್ಕೆ 180 ಕೋಟಿಗೂ ಹೆಚ್ಚು. ಪ್ರತಿ ಬಡಿತಕ್ಕೂ ಮಹಾಪಧಮನಿ ಸ್ವಲ್ಪ ಹಿಗ್ಗಿ, ಮತ್ತೆ ಕುಗ್ಗಿ, ಹೃದಯ ವಿರಮಿಸುವ ಹೊತ್ತಿನಲ್ಲೂ ರಕ್ತವನ್ನು ಮುಂದಕ್ಕೆ ನೂಕುತ್ತದೆ. ಈ ಉಪಕಾರವನ್ನು ನಾವು ಒಂದು ದಿನವೂ ನೆನೆಯುವುದಿಲ್ಲ.

ಗೋಡೆ ಗಡಸಾದಾಗ

ಎಲಾಸ್ಟಿನ್ ಹೆಚ್ಚಾಗಿ ತಯಾರಾಗುವುದು ತಾಯಿಯ ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ಆಮೇಲೆ ಸವೆದದ್ದು ಸವೆದಂತೆಯೇ. ವಯಸ್ಸಾದಂತೆ ಎಲಾಸ್ಟಿನ್ ಪದರಗಳು ಬಿರುಕುಬಿಡುತ್ತವೆ, ಭಾರವೆಲ್ಲ ಕೊಲಾಜನ್ ಮೇಲೆ ಬೀಳುತ್ತದೆ. ರಕ್ತದೊತ್ತಡ ಹೆಚ್ಚಿದ್ದರಂತೂ ಗೋಡೆಯ ಸ್ನಾಯುಕೋಶಗಳು ತಮ್ಮನ್ನು ಕಾಪಾಡಿಕೊಳ್ಳಲು ಇನ್ನಷ್ಟು ಕೊಲಾಜನ್ ನೇಯುತ್ತವೆ. ಗೋಡೆ ದಪ್ಪವಾಗುತ್ತದೆ, ಗಡಸಾಗುತ್ತದೆ. ಗಡಸಾದ ನಾಳ ಹಿಗ್ಗಿ ಕೊಡುವುದಿಲ್ಲವಾದ್ದರಿಂದ ಒತ್ತಡ ಮತ್ತೂ ಏರುತ್ತದೆ. ಒಂದರಿಂದ ಇನ್ನೊಂದು ಬೆಳೆಯುವ ವಿಷವರ್ತುಲ ಇದು. ಹಿರಿಯರಲ್ಲಿ ಮೇಲಿನ ಒತ್ತಡ 170, ಕೆಳಗಿನದು 70 ಎಂದು ಬರುವುದನ್ನು ತಾವು ನೋಡಿರಬಹುದು. ಎರಡರ ನಡುವಿನ ಈ ದೊಡ್ಡ ಅಂತರ ಗಡಸು ಗೋಡೆಯ ಗುರುತು. ಹೃದಯ ಒಮ್ಮೆ ಬಡಿದಾಗ ಏಳುವ ನಾಡಿಯ ಅಲೆ ತರುಣರ ಮಹಾಪಧಮನಿಯಲ್ಲಿ ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಸಾಗುತ್ತದೆ. ಅದು 10 ಮೀಟರ್ ದಾಟಿದರೆ ಗೋಡೆ ಗಡಸಾಗಿದೆ ಎಂದು ವೈದ್ಯರು ತಿಳಿಯುತ್ತಾರೆ.

ಸಕ್ಕರೆ ಕಾಯಿಲೆ ಇದಕ್ಕೆ ಮತ್ತೊಂದು ಪೆಟ್ಟು ಸೇರಿಸುತ್ತದೆ. ತವೆಯ ಮೇಲಿನ ರೊಟ್ಟಿ ಕಂದುಬಣ್ಣಕ್ಕೆ ತಿರುಗುವುದನ್ನು ದಿನವೂ ನೋಡುತ್ತೀರಿ. ಸಕ್ಕರೆಯ ಅಂಶ ಪ್ರೋಟೀನಿಗೆ ಅಂಟಿಕೊಂಡು ನಡೆಯುವ ಈ ಕ್ರಿಯೆಯನ್ನು ಫ್ರಾನ್ಸಿನ ಮೈಲಾರ್ಡ್ ಎಂಬ ರಸಾಯನಶಾಸ್ತ್ರಜ್ಞರು 1912ರಲ್ಲಿ ವಿವರಿಸಿದರು. ಇದೇ ಜಾತಿಯ ಕ್ರಿಯೆ ನಮ್ಮ ಶರೀರದೊಳಗೂ ಬೆಂಕಿಯಿಲ್ಲದೆ, ನಿಧಾನವಾಗಿ ನಡೆಯುತ್ತದೆ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟರಲ್ಲಿ ಅದರ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು ಅಳೆಯುವುದೇ ಎಚ್‌ಬಿಎ1ಸಿ, ಮೂರು ತಿಂಗಳ ಸಕ್ಕರೆಯ ಲೆಕ್ಕ. ಕೊಲಾಜನ್ ಆದರೋ ವರ್ಷಗಟ್ಟಲೆ ಇರುವ ಪ್ರೋಟೀನು. ಅದಕ್ಕೆ ಅಂಟಿದ ಸಕ್ಕರೆ ಎಳೆಯಿಂದ ಎಳೆಗೆ ಬೇಡದ ಗಂಟುಗಳನ್ನು ಹಾಕುತ್ತದೆ. ಸಡಿಲವಾಗಿ ಜಾರಬೇಕಾದ ಎಳೆಗಳು ಒಂದಕ್ಕೊಂದು ಬಿಗಿದುಕೊಂಡು ಗೋಡೆ ಸೆಟೆಯುತ್ತದೆ. "ಸಕ್ಕರೆ ಸ್ವಲ್ಪ ಮಾತ್ರ ಜಾಸ್ತಿ, ನೋವೇನೂ ಇಲ್ಲ" ಎನ್ನುವವರು ಇದನ್ನು ನೆನಪಿಡಬೇಕು. ಗಂಟು ಬೀಳುವಾಗ ನೋವಾಗುವುದಿಲ್ಲ.

ಗೋಡೆ ಸೋತು ಉಬ್ಬಿದಾಗ

ಕೆಲವರಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ. ಹೊಟ್ಟೆಯ ಭಾಗದ ಮಹಾಪಧಮನಿಯಲ್ಲಿ ಎಲಾಸ್ಟಿನ್ ನಾಶವಾಗಿ, ಕೊಲಾಜನ್ ಕೂಡ ಸೋತು, ಸುಮಾರು ಎರಡು ಸೆಂಟಿಮೀಟರ್ ಅಗಲವಿರಬೇಕಾದ ನಾಳ ಬಲೂನಿನಂತೆ ಉಬ್ಬುತ್ತದೆ. ಹರಿದ ಟಯರಿನಿಂದ ಟ್ಯೂಬು ಹೊರಗೆ ಇಣುಕಿದಂತೆ. ಉಬ್ಬು ಐದೂವರೆ ಸೆಂಟಿಮೀಟರ್ ತಲುಪಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ, ಏಕೆಂದರೆ ಒಡೆದರೆ ಬದುಕುವವರು ಕಡಿಮೆ. ಇದರ ಅತಿ ದೊಡ್ಡ ಕಾರಣ ಧೂಮಪಾನ. ಹೊಟ್ಟೆಯ ಒಂದು ಸರಳ ಸ್ಕ್ಯಾನಿನಲ್ಲಿ ಇದು ಕಾಣುತ್ತದೆ. ಅರವತ್ತೈದು ದಾಟಿದ, ಬೀಡಿ ಸಿಗರೇಟು ಸೇದಿದ ಗಂಡಸರು ಈ ಬಗ್ಗೆ ತಮ್ಮ ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಮುಚ್ಚಳ ತೆಳುವಾದಾಗ

ಈಗ ಮಾಮುವಿನ ಪ್ರಶ್ನೆಗೆ ಬರುತ್ತೇನೆ.

ಹೃದಯದ ಸ್ನಾಯುವಿಗೆ ಆಹಾರ ಸಿಗುವುದು ಹೃದಯದೊಳಗೆ ತುಂಬಿದ ರಕ್ತದಿಂದಲ್ಲ, ಹೃದಯದ ಮೈಯಲ್ಲಿ ಹರಡಿರುವ ನಾಳಗಳಿಂದ. ಇದನ್ನು ಹದಿಮೂರನೆಯ ಶತಮಾನದಲ್ಲೇ ಕೈರೋದ ವೈದ್ಯ ಇಬ್ನ್ ಅಲ್–ನಫೀಸ್ ಅವರು ಇಬ್ನ್ ಸೀನಾರ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಹೇಳಿದ್ದರು. ತಾವು ಗೌರವಿಸುತ್ತಿದ್ದ ಗುರುವಿನ ಮಾತನ್ನೇ ಇದು ಸರಿಯಲ್ಲ ಎಂದು ತಿದ್ದಿದರು. ಈ ಕಿರಿದಾದ ನಾಳಗಳೇ ಕೊರೊನರಿ ಅಪಧಮನಿಗಳು.

ಅವುಗಳ ಒಳ ಅಸ್ತರಿ ಹೊಗೆಯಿಂದ, ಒತ್ತಡದಿಂದ, ಸಕ್ಕರೆಯಿಂದ ಕೆಟ್ಟಾಗ ರಕ್ತದ ಕೆಟ್ಟ ಕೊಲೆಸ್ಟರಾಲ್ ಅದರಡಿಗೆ ನುಸುಳಿ ಕೂರುತ್ತದೆ. ಅದನ್ನು ತೆಗೆಯಲು ಬಿಳಿರಕ್ತಕಣಗಳು ಒಳಹೋಗಿ, ಕೊಬ್ಬನ್ನು ನುಂಗಿ ನುಂಗಿ ಅಲ್ಲೇ ಸಾಯುತ್ತವೆ. ಕೊಬ್ಬಿನ ಮೆತ್ತನೆಯ ಕೀವಿನಂಥ ಗುಳ್ಳೆಯೊಂದು ಗೋಡೆಯಲ್ಲಿ ಬೆಳೆಯುತ್ತದೆ. ಆಗ ಶರೀರ ಒಂದು ಉಪಾಯ ಮಾಡುತ್ತದೆ. ನಡುಪದರದ ಸ್ನಾಯುಕೋಶಗಳು ಒಳಗೆ ಸರಿದು ಬಂದು, ಕೊಲಾಜನ್ ನೇಯ್ದು, ಆ ಗುಳ್ಳೆಯ ಮೇಲೆ ಗಟ್ಟಿಯಾದ ಮುಚ್ಚಳ ಹಾಕುತ್ತವೆ. ಗಾಯದ ಮೇಲೆ ಹಕ್ಕಳೆ ಕಟ್ಟಿದಂತೆ. ಈ ಮುಚ್ಚಳ ಗಟ್ಟಿಯಾಗಿರುವಷ್ಟು ಕಾಲ ಮನುಷ್ಯ ಏನೂ ತಿಳಿಯದೆ ಬದುಕಿರುತ್ತಾನೆ.

ಇನ್ನೊಂದು ವಿಷಯ. ಗುಳ್ಳೆ ಬೆಳೆದಂತೆ ನಾಳ ಮೊದಲು ಹೊರಮುಖವಾಗಿ ಹಿಗ್ಗಿ, ರಕ್ತದ ದಾರಿಯನ್ನು ಕಾಪಾಡಿಕೊಳ್ಳುತ್ತದೆ. 1987ರಲ್ಲಿ ಅಮೆರಿಕದ ಸೀಮೋರ್ ಗ್ಲಾಗೋವ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಹಾಗಾಗಿ ಗೋಡೆಯಲ್ಲಿ ಬೇಕಾದಷ್ಟು ರೋಗವಿದ್ದರೂ ದಾರಿ ತೆರೆದೇ ಇರಬಹುದು. ಟ್ರೆಡ್‌ಮಿಲ್ ಪರೀಕ್ಷೆ ಅಳೆಯುವುದು ರಕ್ತದ ಹರಿವು ಸಾಕಾಗುತ್ತಿದೆಯೇ ಎಂಬುದನ್ನು. ಸಾಮಾನ್ಯವಾಗಿ ದಾರಿ ಮುಕ್ಕಾಲಿನ ಹತ್ತಿರ ಕಿರಿದಾದರೆ ಮಾತ್ರ ಅದು ಎಚ್ಚರಿಸುತ್ತದೆ. ಮುಚ್ಚಳ ಗಟ್ಟಿಯಿದೆಯೇ, ತೆಳುವಾಗಿದೆಯೇ ಎಂದು ಅದು ಹೇಳಲಾರದು. ಮಾಮುವಿನ ರಿಪೋರ್ಟ್ ಸುಳ್ಳಾಗಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಅದನ್ನು ತಪ್ಪಾಗಿ ಓದಿದವನು ನಾನು.

ಮುಚ್ಚಳ ತೆಳುವಾಗುವುದು ಹೇಗೆ? ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಕರಗಿಹೋಗುವುದನ್ನು ಹಳ್ಳಿಯ ಮಕ್ಕಳೆಲ್ಲ ನೋಡಿರುತ್ತಾರೆ. ಬಾಲದ ಕೊಲಾಜನ್ ಎಲ್ಲಿಗೆ ಹೋಯಿತು ಎಂದು ಹುಡುಕಿದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಅವರು 1962ರಲ್ಲಿ ಕೊಲಾಜನ್ ಅನ್ನು ಕತ್ತರಿಸುವ ಕಿಣ್ವವನ್ನು ಕಂಡುಹಿಡಿದರು. ಅದರ ಹೆಸರು ಕೊಲಾಜನೇಸ್. ಇದೇ ಕುಟುಂಬದ ಕಿಣ್ವಗಳನ್ನು ಗುಳ್ಳೆಯೊಳಗೆ ರೊಚ್ಚಿಗೆದ್ದ ಬಿಳಿರಕ್ತಕಣಗಳು ಸುರಿಸುತ್ತವೆ. ಹಾಕಿದ ಹಗ್ಗವನ್ನು ಒಳಗಿನಿಂದ ಕತ್ತರಿಸುತ್ತವೆ. ಅದೇ ಹೊತ್ತಿಗೆ ಉರಿಯೂತದ ರಾಸಾಯನಿಕಗಳು ಸ್ನಾಯುಕೋಶಗಳಿಗೆ ಹೊಸ ಕೊಲಾಜನ್ ನೇಯದಂತೆ ತಡೆಯೊಡ್ಡುತ್ತವೆ. ಅತ್ತ ಕತ್ತರಿಸುವವರು ಹೆಚ್ಚು, ಇತ್ತ ನೇಯುವವರು ಕಡಿಮೆ. ಹೃದಯಾಘಾತದಿಂದ ತೀರಿಹೋದವರ ನಾಳಗಳನ್ನು ಪರೀಕ್ಷಿಸಿದ ರೇಣು ವೀರ್ಮಾನಿ ಮತ್ತು ಸಂಗಡಿಗರು 1997ರಲ್ಲಿ ವರದಿ ಮಾಡಿದಂತೆ, ಹರಿದ ಮುಚ್ಚಳಗಳು ಬಹುಪಾಲು 65 ಮೈಕ್ರಾನ್‌ಗಿಂತ ತೆಳುವಾಗಿದ್ದವು. ಅಂದರೆ ಒಂದು ತಲೆಗೂದಲಿನಷ್ಟು ದಪ್ಪವೂ ಇಲ್ಲ.

ಒಂದು ದಿನ, ಒತ್ತಡ ಏರಿದ ಒಂದು ಗಳಿಗೆಯಲ್ಲಿ, ಆ ಮುಚ್ಚಳ ಹರಿಯುತ್ತದೆ. ಇಲ್ಲಿ ಕೊಲಾಜನ್‌ನ ಇನ್ನೊಂದು ಗುಣ ಕೆಲಸಕ್ಕೆ ಬರುತ್ತದೆ. ಕೈ ಕೊಯ್ದುಕೊಂಡಾಗ ರಕ್ತ ನಿಲ್ಲುವುದು ಹೇಗೆ? ಗೋಡೆಯೊಳಗೆ ಅಡಗಿರಬೇಕಾದ ಕೊಲಾಜನ್ ರಕ್ತಕ್ಕೆ ತೆರೆದುಕೊಂಡ ಕೂಡಲೇ ಪ್ಲೇಟ್‌ಲೆಟ್‌ಗಳು ಅದನ್ನು ಗುರುತಿಸಿ ಬಂದು ಅಂಟಿಕೊಳ್ಳುತ್ತವೆ, ಒಂದರ ಮೇಲೊಂದು ಪೇರಿಸಿಕೊಂಡು ಹೆಪ್ಪುಗಟ್ಟಿಸುತ್ತವೆ. ಬೆರಳಿನ ಗಾಯದಲ್ಲಿ ಇದು ವರದಾನ. ಹೃದಯದ ನಾಳದೊಳಗೆ ಅದೇ ಕೆಲಸ ಸಾವಿಗೆ ದಾರಿ. ಪ್ಲೇಟ್‌ಲೆಟ್‌ಗೆ ಗಾಯ ಎಲ್ಲಿದೆ ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಹರಿದ ಕೊಲಾಜನ್ ಕಂಡಿತು, ತನ್ನ ಕರ್ತವ್ಯ ಮಾಡಿತು. ನಲವತ್ತರಷ್ಟಿದ್ದ ತಡೆ ಕೆಲವೇ ನಿಮಿಷಗಳಲ್ಲಿ ನೂರಾಯಿತು.

ಇದೇ, ಮಾಮು, ನಿಮ್ಮ ಪ್ರಶ್ನೆಗೆ ಉತ್ತರ. ಟಯರಿನ ಗಾಳಿ ಸರಿಯಾಗಿಯೇ ಇತ್ತು, ನೂಲು ಸವೆದಿತ್ತು.

ನಾವು ಮಾಡಬೇಕಾದದ್ದು

ಹಾಗಾದರೆ ಈ ಹಗ್ಗವನ್ನು ಕಾಪಾಡಿಕೊಳ್ಳುವುದು ಹೇಗೆ? ಪಾಯಾ ಕುಡಿದರೆ ನಾಳ ಗಟ್ಟಿಯಾಗುತ್ತದೆಯೇ, ಅಂಗಡಿಯಲ್ಲಿ ಈಗ ಸಿಗುವ ಕೊಲಾಜನ್ ಪುಡಿ ತಿನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ತಿಂದ ಕೊಲಾಜನ್ ಹೊಟ್ಟೆಯಲ್ಲಿ ಜೀರ್ಣವಾಗಿ ಸಣ್ಣ ತುಣುಕುಗಳಾಗುತ್ತದೆ. ಬೇಳೆ, ಮೊಟ್ಟೆ, ಮೀನಿನಿಂದಲೂ ಅಮೈನೋ ಆಮ್ಲಗಳು ಸಿಗುತ್ತವೆ. ಅವುಗಳಿಂದ ಎಲ್ಲಿ, ಎಷ್ಟು ಹಗ್ಗ ಹೊಸೆಯಬೇಕೆಂದು ತೀರ್ಮಾನಿಸುವುದು ಜೀವಕೋಶಗಳು. ಆ ಪುಡಿ ಹೃದಯಾಘಾತವನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ ಹಣದಲ್ಲಿ ಹಣ್ಣು, ತರಕಾರಿ ಕೊಳ್ಳಿ.

ಮಾಡಬೇಕಾದ ಕೆಲಸ ಬೇರೆಯಿದೆ. ಅದು ಉರಿಯೂತವನ್ನು ತಗ್ಗಿಸುವ ಮತ್ತು ಗೋಡೆಯ ಮೇಲಿನ ಭಾರ ಇಳಿಸುವ ಕೆಲಸ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನವು 2004ರಲ್ಲಿ ತಿಳಿಸಿದಂತೆ, ಮೊದಲ ಹೃದಯಾಘಾತದ ಅಪಾಯದ ಬಹುಪಾಲನ್ನು ಒಂಬತ್ತೇ ಅಂಶಗಳು ವಿವರಿಸುತ್ತವೆ: ಧೂಮಪಾನ, ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಯ ಕೊರತೆ, ವ್ಯಾಯಾಮದ ಕೊರತೆ ಮತ್ತು ಮದ್ಯಪಾನದ ವಿಷಯ. ಅದೇ ಅಧ್ಯಯನದ ಅಂಕಿಗಳಿಂದ 2007ರಲ್ಲಿ ಮತ್ತೊಂದು ಸಂಗತಿ ಹೊರಬಂತು. ದಕ್ಷಿಣ ಏಷ್ಯಾದ ನಮ್ಮ ಜನರಿಗೆ ಮೊದಲ ಆಘಾತ ಬರುವ ನಡುವಯಸ್ಸು 53, ಉಳಿದ ದೇಶಗಳಲ್ಲಿ ಸುಮಾರು 59. ಮಕ್ಕಳ ಓದು, ಮದುವೆ ಇನ್ನೂ ಮುಗಿಯದ ವಯಸ್ಸು ಅದು. ಒಂದು ಮನೆಯ ದುಡಿಯುವ ಕೈ ಬಿದ್ದುಹೋದರೆ ಎಷ್ಟು ಮಕ್ಕಳು ಓದು ಬಿಡುತ್ತಾರೆ ಎಂಬುದು ಈ ಸಂಘದವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮಾಮುವಿನ ಕಿರಿಯ ಮಗ ಪಿಯುಸಿ ಬಿಟ್ಟು ಅಂಗಡಿಯಲ್ಲಿ ಕೂತ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಬೀಡಿ, ಸಿಗರೇಟು ಬಿಡಿ. ಎಷ್ಟೇ ವರ್ಷ ಸೇದಿದ್ದರೂ ಬಿಟ್ಟ ಮೇಲೆ ಅಪಾಯ ಇಳಿಯುತ್ತಾ ಬರುತ್ತದೆ. ಒತ್ತಡ, ಸಕ್ಕರೆಯ ಮಾತ್ರೆಗಳನ್ನು "ಈಗ ನಾರ್ಮಲ್ ಆಗಿದೆ" ಎಂದು ನಿಲ್ಲಿಸಬೇಡಿ. ನಾರ್ಮಲ್ ಆಗಿರುವುದು ಮಾತ್ರೆಯಿಂದ. ವೈದ್ಯರು ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದರೆ ಅದು ಕೊಲೆಸ್ಟರಾಲ್ ಅಂಕಿಯನ್ನು ಇಳಿಸುವುದಷ್ಟೇ ಅಲ್ಲ, ಗುಳ್ಳೆಯ ಕೊಬ್ಬನ್ನೂ ಉರಿಯೂತವನ್ನೂ ತಗ್ಗಿಸಿ ಮುಚ್ಚಳ ಗಟ್ಟಿಯಾಗಲು ನೆರವಾಗುತ್ತದೆ ಎಂದು ತಿಳಿಯಿರಿ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ಮತ್ತು ಎದೆ ಹಿಂಡಿದಂತೆ, ಭಾರ ಇಟ್ಟಂತೆ ಆಗಿ, ನೋವು ತೋಳಿಗೋ ದವಡೆಗೋ ಹಬ್ಬಿ, ಬೆವರು ಬಂದರೆ ಸೋಡಾ ಹುಡುಕಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಬರೀ ಏದುಸಿರು, ವಾಕರಿಕೆ, ಸುಸ್ತು ಮಾತ್ರ ಇರಬಹುದು. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ತಕ್ಷಣ ಹೋಗಿ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆಯನ್ನು ತರಲಾಗಿದೆ. ತಮ್ಮ ತಾಲ್ಲೂಕಿನಲ್ಲಿ ಅದು ಎಲ್ಲಿದೆ ಎಂದು ಇಂದೇ ತಿಳಿದುಕೊಳ್ಳಿ. ನೋವು ಬಂದ ಮೇಲೆ ವಿಚಾರಿಸಲು ಸಮಯವಿರುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೆ ಒಂದು ಕೆಲಸ ಕೊಡುತ್ತೇನೆ. ಮನೆಗೆ ಹೋಗಿ ನಿಮ್ಮ ಅಬ್ಬಾ, ಅಮ್ಮಿ, ಮಾಮು, ಚಾಚಾ ಇವರ ಒತ್ತಡ, ಸಕ್ಕರೆ ಎಷ್ಟಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಯಾರಾದರೂ ರಿಪೋರ್ಟ್ ತೋರಿಸಿ "ಎಲ್ಲ ಸರಿಯಿದೆ" ಎಂದು ಬೀಡಿ ಹಚ್ಚಿದರೆ, ಓದಿದವರಾಗಿ ನೀವು ಸುಮ್ಮನಿರಬೇಡಿ. ನಾನು ಸುಮ್ಮನಿದ್ದೆ. ಹಿರಿಯರಿಗೆ ಎದುರು ಹೇಳಬಾರದೆಂಬ ಸಂಕೋಚ ನನ್ನಲ್ಲಿತ್ತು. ಕೈ ಹಿಡಿದು, ಪ್ರೀತಿಯಿಂದ, ಮತ್ತೆ ಮತ್ತೆ ಹೇಳುವುದು ಎದುರು ಮಾತಲ್ಲ ಎಂದು ಈಗ ತಿಳಿದಿದೆ.